ನೂರ ನಲವತ್ತನಾಲ್ಕು ಚೂರು

ಅಣ್ಣನ ಬಲಗಣ್ಣಿನ ಪೊರೆ ತೆಗೆಸಿ ಮೂರು ದಿನವಾಗಿತ್ತು. ಕಣ್ಣಿನ ಆಸ್ಪತ್ರೆ ಪುಟ್ಟಿಯ ಮನೆಯಿಂದ ಎರಡೇ ಬೀದಿ ಆಚೆ ಇದ್ದುದರಿಂದ ಅಣ್ಣ, ಅತ್ತಿಗೆ ಇಬ್ಬರೂ ಅವಳ ಮನೆಯಲ್ಲೇ ಉಳಿದುಕೊಂಡಿದ್ದರು. ಪುಟ್ಟಿಗೆ ಆಗ ಐವತ್ತೆರಡು. ಕಚೇರಿಯಲ್ಲಿ ಅವಳ ಕೈಕೆಳಗೆ ಹನ್ನೊಂದು ಜನ ಎಂಜಿನಿಯರುಗಳಿದ್ದರು, ಅವಳನ್ನು ಮೇಡಂ ಎಂದು ಕರೆಯದವರು ಯಾರೂ ಇರಲಿಲ್ಲ. ಅಣ್ಣ ಹೊಸ್ತಿಲು ದಾಟಿ ಒಳಗೆ ಬಂದದ್ದೇ ತಡ, ಅವಳು ಮತ್ತೆ ಪುಟ್ಟಿಯಾಗಿ, ಚಹಾಕ್ಕೆ ಸಕ್ಕರೆ ಸಾಲದೆಂದು ಬೈಸಿಕೊಳ್ಳುವ ತಂಗಿಯಾಗಿಬಿಟ್ಟಿದ್ದಳು.

ಒಂದು ವಾರ ಓದಬಾರದು, ಯಾವ ಪರದೆಯನ್ನೂ ನೋಡಬಾರದು, ಬಗ್ಗಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಎಡಗಣ್ಣಿನಲ್ಲೂ ಪೊರೆಯಿತ್ತು, ಅದರ ಸರದಿ ಮುಂದಿನ ತಿಂಗಳು. ಹೀಗಾಗಿ ಅಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಊಟದ ಮೇಜಿನ ಪಕ್ಕದ ಕೈಕುರ್ಚಿಯಲ್ಲಿ ದಿನವಿಡೀ ಕೂರುತ್ತಿದ್ದ. ಮೊದಲ ದಿನ ರೇಡಿಯೋ ಕೇಳಿದ. ಎರಡನೆಯ ದಿನ ರೇಡಿಯೋದವರ ಉಚ್ಚಾರಣೆಯಲ್ಲಿ ತಪ್ಪು ಹುಡುಕಿದ. ಮೂರನೆಯ ದಿನ ಬೆಳಿಗ್ಗೆ ಅದನ್ನೂ ಆರಿಸಿ, ಮೇಲಿನ ಮನೆಯವರು ಎಷ್ಟು ಸಲ ಕುರ್ಚಿ ಎಳೆದರು ಎಂದು ಲೆಕ್ಕ ಇಡತೊಡಗಿದ.

"ಇವರನ್ನ ಇನ್ನು ನಾಲ್ಕು ದಿನ ಹೀಗೆ ಕೂರಿಸಿದ್ರೆ ನನ್ನ ಕಣ್ಣಿಗೂ ಔಷಧಿ ಬೇಕಾಗುತ್ತೆ" ಎಂದು ಅತ್ತಿಗೆ ಅಡುಗೆಮನೆಯಲ್ಲಿ ಪುಟ್ಟಿಯ ಕಿವಿಯಲ್ಲಿ ಹೇಳಿದರು.

"ಕೇಳಿಸ್ತು" ಎಂದ ಅಣ್ಣ ಹೊರಗಿನಿಂದ.

ಅಂದು ಹತ್ತು ಗಂಟೆಯ ಸುಮಾರಿಗೆ ಪುಟ್ಟಿಗೆ ಫೋನು ಬಂತು. ಕಚೇರಿಯ ಪಾಳಿ ಮುಖ್ಯಸ್ಥ. ಕಂಪನಿ ಒಂದು ಕಾಲಕ್ಕೆ ಟೆಲಿಫೋನ್ ಎಕ್ಸ್‌ಚೇಂಜುಗಳನ್ನು ತಯಾರಿಸುತ್ತಿತ್ತು. ಅಣ್ಣನೂ ಅಲ್ಲೇ ಮೂವತ್ತು ವರ್ಷ ದುಡಿದು ಸ್ವಯಂನಿವೃತ್ತಿ ಪಡೆದವನು. ಈಗ ಎಕ್ಸ್‌ಚೇಂಜುಗಳ ಕಾಲ ಮುಗಿದು, ಕಂಪನಿ ಆಂಬುಲೆನ್ಸ್ ಕರೆಗಳನ್ನು ಸ್ವೀಕರಿಸುವ ಕೇಂದ್ರಗಳ ಯಂತ್ರಗಳನ್ನು ನೋಡಿಕೊಳ್ಳುತ್ತಿತ್ತು. ಅಂಥ ಒಂದು ಕೇಂದ್ರದಲ್ಲಿ ಎರಡು ವಾರದಿಂದ, ದಿನಕ್ಕೊಂದು ಸಲ, ಕರೆಗಳು ಕೆಲವು ಸೆಕೆಂಡು ಯಾರಿಗೂ ಸಿಗದೆ ಬರೀ ರಿಂಗಾಗುತ್ತಿದ್ದವು. ಮುದುಕರೊಬ್ಬರು ಫೋನಿಟ್ಟು ಮತ್ತೆ ಮಾಡಬೇಕಾಯಿತಂತೆ. ಪುಣ್ಯಕ್ಕೆ ಯಾರ ಜೀವಕ್ಕೂ ಕುತ್ತು ಬಂದಿರಲಿಲ್ಲ.

"ಎಷ್ಟು ಹೊತ್ತಿಗೆ ಆಗತ್ತೆ?" ಎಂದಳು ಪುಟ್ಟಿ.

"ಅದೇ ಗೊತ್ತಾಗ್ತಿಲ್ಲ ಮೇಡಂ. ಒಬ್ಬರು ಮಧ್ಯಾಹ್ನ ಎರಡಕ್ಕೆ ಅಂತಾರೆ, ಇನ್ನೊಬ್ಬರು ಐದಕ್ಕೆ ಅಂತಾರೆ. ನಿನ್ನೆಯ ಇಡೀ ದಿನದ ಟ್ರೇಸ್ ತೆಗೆದಿದ್ದೀವಿ. ನಲವತ್ತೊಂದು ಜಿಬಿ. ತೆರೆಯೋಕೆ ಹೋದ್ರೆ ಪ್ರೋಗ್ರಾಮೇ ಮಲಗಿಬಿಡತ್ತೆ. ತಪ್ಪು ಅನ್ನೋ ಪದ ಎಲ್ಲಾದ್ರೂ ಇದೆಯಾ ಅಂತ ಹುಡುಕಿಸಿದೆ, ಒಂದೂ ಇಲ್ಲ. ನಂಗೆ ಕೈಕಾಲೇ ಆಡ್ತಿಲ್ಲ."

"ಫೈಲು ಇರೋ ಜಾಗ ಹೇಳಿ. ನಾನು ಇಲ್ಲಿಂದಲೇ ಒಳಗೆ ಬರ್ತೀನಿ."

ಟ್ರೇಸ್ ಎಂದರೆ ಯಂತ್ರದ ದಿನಚರಿ. ತಾನು ಮಾಡಿದ ಪ್ರತಿಯೊಂದು ಕೆಲಸವನ್ನೂ ಯಂತ್ರ ಗಂಟೆ, ನಿಮಿಷ, ಸೆಕೆಂಡು ಸಮೇತ ಸಾಲುಸಾಲಾಗಿ ಬರೆದಿಡುತ್ತದೆ. ಸುಳ್ಳು ಬರೆಯುವುದಿಲ್ಲ, ಆದರೆ ಯಾವುದು ಮುಖ್ಯ ಯಾವುದು ಅಲ್ಲ ಎಂಬುದನ್ನೂ ಹೇಳುವುದಿಲ್ಲ. ಒಂದು ದಿನಕ್ಕೆ ಕೋಟಿಗಟ್ಟಲೆ ಸಾಲು.

ಪುಟ್ಟಿ ಮೇಜಿನ ಮೇಲಿದ್ದ ಬ್ರೆಡ್ಡಿನ ತಟ್ಟೆ ಸರಿಸಿ ಲ್ಯಾಪ್‌ಟಾಪ್ ಇಟ್ಟಳು. ಅಣ್ಣನ ಕಿವಿ ನೆಟ್ಟಗಾಗಿತ್ತು.

"ಎಷ್ಟು ದೊಡ್ಡದು ಅಂದ?"

"ನಲವತ್ತೊಂದು ಜಿಬಿ."

ಅಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. "ನಮ್ಮ ಕಾಲದ ಕಾಗದದಲ್ಲಿ ಅಚ್ಚು ಹಾಕಿದ್ರೆ ಎಲ್ಲಿವರೆಗೆ ಹೋಗ್ತಿತ್ತೋ ಏನೋ" ಎಂದ.

ಆ ಮಾತಿಗೆ ಪುಟ್ಟಿಯ ಕಣ್ಣಮುಂದೆ ಹಳೆಯ ಕಟ್ಟಡದ ಮೊದಲ ಮಹಡಿಯ ಮೊಗಸಾಲೆ ಬಂದು ನಿಂತಿತು. ಅವಳು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದು. ಆಗ ಟ್ರೇಸನ್ನು ಪರದೆಯ ಮೇಲೆ ಓದುವವರು ಕಡಿಮೆ. ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಮಡಿಕೆ ಕಾಗದದ ಮೇಲೆ ಅದನ್ನು ಅಚ್ಚು ಹಾಕುತ್ತಿದ್ದರು. ಮುದ್ರಣ ಯಂತ್ರ ಇಡೀ ಬೆಳಿಗ್ಗೆ ಕಿರ್ರೆಂದು ಕಿರುಚಿ, ಮಧ್ಯಾಹ್ನದ ಹೊತ್ತಿಗೆ ಒಂದು ಮೂಟೆ ಕಾಗದ ಹೆರುತ್ತಿತ್ತು. ಅಣ್ಣ ಅದನ್ನು ಹೊತ್ತು ತಂದು ಮೊಗಸಾಲೆಯ ಈ ತುದಿಯಿಂದ ಆ ತುದಿಗೆ ಹಾಸುತ್ತಿದ್ದ. ಚಪ್ಪಲಿ ಬಿಟ್ಟು, ಕಾಲುಚೀಲದಲ್ಲಿ, ಕೈಯಲ್ಲಿ ದರ್ಜಿಯ ಕತ್ತರಿ ಹಿಡಿದು ಕಾಗದದ ಪಕ್ಕ ಪಕ್ಕದಲ್ಲೇ ನಡೆಯುತ್ತಿದ್ದ. ಗಂಟೆ ನಿಮಿಷ ನೋಡಿ ಒಂದು ಕಡೆ ಕತ್ತರಿಸುವುದು, ಇನ್ನೊಂದು ಕಡೆ ಕತ್ತರಿಸುವುದು, ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ ಚೂರುಗಳನ್ನು ಗೋಡೆಗೆ ಅಂಟಿಸುವುದು. ತಂತಿ ಜೋಡಿಸುವ ವಿಭಾಗದ ಹೆಂಗಸರು ಸೀರೆಯ ನೆರಿಗೆ ಎತ್ತಿ ಹಿಡಿದು ಗೋಡೆಗಂಟಿಕೊಂಡು ಹಾಯುತ್ತಿದ್ದರು. ಜವಾನ ಗಾಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚುತ್ತಿದ್ದ. ಕಂಪನಿಯಲ್ಲಿ ಅಣ್ಣನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಉಳಿದಂತೆ ಅವನು ಎಲ್ಲರ ಬಾಯಲ್ಲೂ ಕತ್ತರಿ. "ಕತ್ತರಿ ಎಲ್ಲಿ?", "ಕತ್ತರೀನ ಕರೀರಿ." ಅವಳು ಕತ್ತರಿಯ ತಂಗಿ.

"ಹೇಗೆ ಕತ್ತರಿಸ್ತೀಯ?" ಎಂದ ಅಣ್ಣ ಈಗ.

"ಹತ್ತು ಹತ್ತು ನಿಮಿಷಕ್ಕೆ. ಇಪ್ಪತ್ನಾಲ್ಕು ಗಂಟೆಗೆ ನೂರ ನಲವತ್ತನಾಲ್ಕು ಚೂರು. ಒಂದೊಂದು ಹೆಚ್ಚುಕಮ್ಮಿ ಮುನ್ನೂರು ಎಂಬಿ ಬರತ್ತೆ, ಆರಾಮಾಗಿ ತೆರೆಯುತ್ತೆ."

"ಕಮಾಂಡ್ ಓದು."

ಪುಟ್ಟಿ ಪರದೆಯ ಮೇಲೆ ಕಮಾಂಡ್ ಬರೆಯುವ ಕಪ್ಪು ಕಿಟಕಿ ತೆರೆದು ಟೈಪ್ ಮಾಡುತ್ತಾ ಒಂದೊಂದೇ ಪದ ಓದಿ ಹೇಳಿದಳು. ಯಾವ ಫೈಲು, ಎಷ್ಟು ಹೊತ್ತಿನಿಂದ, ಎಷ್ಟು ಹೊತ್ತಿನವರೆಗೆ, ಚೂರಿಗೆ ಎಷ್ಟು ನಿಮಿಷ, ಚೂರುಗಳಿಗೆ ಏನು ಹೆಸರು. ಒಂದೇ ಸಾಲಿನ ಅಪ್ಪಣೆ. ಇದನ್ನು ಅವಳಿಗೆ ಕಲಿಸಿದವನೂ ಅಣ್ಣನೇ. ಕಾಗದ ಹೋಗಿ ಫೈಲು ಬಂದಾಗ, ಹಳೆಯ ಹಾಜರಾತಿ ಕಾರ್ಡೊಂದರ ಹಿಂಭಾಗದಲ್ಲಿ ಏಳು ಕಮಾಂಡುಗಳನ್ನು ಬರೆದುಕೊಟ್ಟು, "ಇಷ್ಟು ಗೊತ್ತಿದ್ರೆ ನಿಂಗೆ ಊಟಕ್ಕೇನೂ ತೊಂದ್ರೆ ಇಲ್ಲ" ಎಂದಿದ್ದ.

"ಅಂಚು ಎಷ್ಟು ಬಿಟ್ಟೆ?"

"ಎರಡೂ ಕಡೆ ಹತ್ತು ಸೆಕೆಂಡು."

ಅಂದರೆ ಪ್ರತಿ ಚೂರೂ ತನ್ನ ಹಿಂದಿನದರ ಕೊನೆಯ ಹತ್ತು ಸೆಕೆಂಡನ್ನೂ ಮುಂದಿನದರ ಮೊದಲ ಹತ್ತು ಸೆಕೆಂಡನ್ನೂ ತನ್ನೊಳಗೆ ಇಟ್ಟುಕೊಂಡಿರುತ್ತದೆ. ಕತ್ತರಿ ಬಿದ್ದ ಜಾಗದಲ್ಲಿ ಏನಾದರೂ ನಡೆದಿದ್ದರೆ ಅದು ಎರಡು ತುಂಡಾಗುವುದಿಲ್ಲ.

"ಹತ್ತು ಯಾಕೆ? ಎರಡು ಸಾಕು."

"ಇರ್ಲಿ."

"ಸುಮ್ಮನೆ ಜಾಗ ದಂಡ ಅಲ್ವೇನೆ?"

"ಇರ್ಲಿ ಬಿಡಣ್ಣ" ಎಂದು ಪುಟ್ಟಿ ಎಂಟರ್ ಒತ್ತಿದಳು.

ಕಮಾಂಡ್ ಓಡತೊಡಗಿತು. ನಲವತ್ತೊಂದು ಜಿಬಿ ಎಂದರೆ ಇಪ್ಪತ್ತು ನಿಮಿಷವಾದರೂ ಬೇಕು. ಮೊದಲ ಚೂರು, ಎರಡನೆಯ ಚೂರು ಎಂದು ಪರದೆಯ ಮೇಲೆ ಒಂದರ ಕೆಳಗೊಂದು ಹೆಸರು ಮೂಡುತ್ತಿತ್ತು. ಮಾಡಲು ಕೈಯಲ್ಲಿ ಕೆಲಸವಿಲ್ಲ. ಪುಟ್ಟಿಗೆ ಏನನ್ನಿಸಿತೋ, ಇಪ್ಪತ್ತಾರು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು ತಾನಾಗಿ ಹೊರಗೆ ಬಂತು.

"ಹತ್ತು ಯಾಕೆ ಅಂತ ನಿಂಗೊತ್ತಲ್ವ ಅಣ್ಣ?"

"ನಂಗೇನು ಗೊತ್ತು?"

"ಆ ಫ್ಲಾಪಿ ವಿಷಯ."

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತರು.

ಅದು ನಡೆದದ್ದು ಹೀಗೆ. ದೂರದ ಒಂದು ಪಟ್ಟಣದ ಎಕ್ಸ್‌ಚೇಂಜು ಆಗಾಗ ತೊದಲುತ್ತಿತ್ತು. ಪುಟ್ಟಿ ಬಸ್ಸಿನಲ್ಲಿ ಹೋಗಿ ಅಲ್ಲಿಯ ಟ್ರೇಸ್ ತಂದಳು. ಐವತ್ತೆಂಟು ಎಂಬಿ, ಆ ಕಾಲಕ್ಕೆ ಅದೇ ಬೆಟ್ಟ. ಅಂಗೈಯಗಲದ ಒಂದು ಫ್ಲಾಪಿ ಡಿಸ್ಕಿಗೆ ಹಿಡಿಸುವಷ್ಟು ಅಳತೆಗೆ ಕತ್ತರಿಸಿ, ನಲವತ್ತು ಚಿಲ್ಲರೆ ಫ್ಲಾಪಿಗಳಲ್ಲಿ ತುಂಬಿ, ಷೂ ಡಬ್ಬಿಯೊಂದರಲ್ಲಿ ಜೋಡಿಸಿಕೊಂಡು, ಮಡಿಲಲ್ಲಿ ಮಗುವಿನಂತೆ ಇಟ್ಟುಕೊಂಡು ವಾಪಸು ಬಂದಿದ್ದಳು. ಹೊತ್ತು ನೋಡಿ ಕತ್ತರಿಸದೆ ತೂಕ ನೋಡಿ ಕತ್ತರಿಸಿದ್ದರಿಂದ ಪ್ರತಿ ಚೂರಿನ ಕೊನೆಯಲ್ಲೂ ಒಂದು ಸಾಲು ಅರ್ಧಕ್ಕೆ ತುಂಡಾಗಿತ್ತು. ಅರ್ಧ ಸಾಲು ಕಂಡರೆ ಓದುವ ಪ್ರೋಗ್ರಾಮು ತಕರಾರು ತೆಗೆಯುತ್ತಿತ್ತು. ಆದ್ದರಿಂದ ಅಂಥ ಸಾಲುಗಳನ್ನೆಲ್ಲ ಎಸೆದು ಉಳಿದದ್ದನ್ನು ಓದಿದರು. ಏನೂ ಕಾಣಲಿಲ್ಲ. ಎಕ್ಸ್‌ಚೇಂಜು ಚೆನ್ನಾಗಿದೆ ಎಂದು ಬರೆದು ಕಳಿಸಿದರು. ಹತ್ತೇ ದಿನಕ್ಕೆ ಅದು ಪೂರ್ತಿ ನಿಂತುಹೋಗಿ, ನಾಲ್ಕು ಸಾವಿರ ಫೋನುಗಳು ಅರ್ಧ ದಿನ ಮೂಕವಾದವು. ಆಮೇಲೆ ನೋಡಿದರೆ ರೋಗ ಬರೆದಿದ್ದ ಒಂದೇ ಒಂದು ಸಾಲು, ಹದಿನೇಳು ಮತ್ತು ಹದಿನೆಂಟನೆಯ ಫ್ಲಾಪಿಗಳ ನಡುವೆ ತುಂಡಾಗಿ ಎರಡೂ ಕಡೆಯಿಂದ ಕಸಕ್ಕೆ ಹೋಗಿತ್ತು.

ವಿಚಾರಣೆಯ ದಿನ ದೊಡ್ಡ ಸಾಹೇಬರು ಮೇಜು ಕುಟ್ಟಿ, "ಇದನ್ನ ಹೀಗೆ ಕತ್ತರಿಸಿದ್ದು ಯಾರು?" ಎಂದು ಕೇಳಿದ್ದರು. ಪುಟ್ಟಿಯ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ. ಎದ್ದು ನಿಲ್ಲಬೇಕೆಂದುಕೊಂಡಳು, ನಿಲ್ಲಲಿಲ್ಲ. ಮುಂದಿನ ಸಾಲಿನಿಂದ ಅಣ್ಣ, "ತಪ್ಪು ನಂದು ಸರ್" ಎಂದ. ಮುಂದಿನ ತಿಂಗಳು ಅವನನ್ನು ಬಿಡಿಭಾಗಗಳ ಉಗ್ರಾಣಕ್ಕೆ ವರ್ಗ ಮಾಡಿದರು. ಕಂಪನಿಯಲ್ಲೇ ಟ್ರೇಸ್ ಓದುವುದರಲ್ಲಿ ಎತ್ತಿದ ಕೈ ಎನ್ನಿಸಿಕೊಂಡವನು ಮೂರು ವರ್ಷ ನೆಲಮಾಳಿಗೆಯಲ್ಲಿ ಸ್ಕ್ರೂ, ಫ್ಯೂಸು ಎಣಿಸಿದ. ಪುಟ್ಟಿ ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ಅವನೂ ಎಂದೂ ಎತ್ತಲಿಲ್ಲ.

"ಅವತ್ತು ನಾನು ಬಾಯಿ ಬಿಡ್ಬೇಕಿತ್ತು" ಎಂದಳು ಪುಟ್ಟಿ ಪರದೆಯನ್ನೇ ನೋಡುತ್ತ. "ಕತ್ತರಿಸಿದ್ದು ನಾನು. ನೀನು ನನ್ನ ತಪ್ಪು ನಿನ್ನ ತಲೆ ಮೇಲೆ ಹಾಕ್ಕೊಂಡು ಉಗ್ರಾಣಕ್ಕೆ ಹೋದೆ. ಇಷ್ಟು ವರ್ಷದಲ್ಲಿ ಒಂದಿನಾನೂ ನನ್ನ ಆಡ್ಕೊಳ್ಳಲಿಲ್ಲ. ಅದು ನನ್ನ ಮನಸ್ಸಲ್ಲಿ ಹಾಗೇ ಇದೆ ಅಣ್ಣ."

ಅಣ್ಣ ಕಪ್ಪು ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡ. ಅವನ ಮುಖದಲ್ಲಿ ಕಂಡದ್ದು ದೊಡ್ಡತನವೂ ಅಲ್ಲ, ಕರುಣೆಯೂ ಅಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಪೆಚ್ಚು ಮುಖ.

"ಅರ್ಧ ಸಾಲು ಎಸೆಯೋ ಪ್ರೋಗ್ರಾಮು ಬರೆದವನು ಯಾರು?" ಎಂದು ಕೇಳಿದ.

"ಯಾರು?"

"ನಾನೇ ಕಣೇ. ಆ ಎರಡು ಅರ್ಧಾನೂ ಅಂಟಿಸಿ ಓದೋ ಹಾಗೆ ಬರೆಯೋದು ಒಂದು ಗಂಟೆ ಕೆಲಸ. ಬೇಜಾರಾಗಿ, ಎಸೆದುಬಿಡು ಅಂತ ಬರೆದೆ. ನೀನು ಹೇಗೆ ಕತ್ತರಿಸಿದ್ರೂ ಆ ಸಾಲು ಉಳೀಬೇಕಿತ್ತು. ತಪ್ಪು ನಂದು ಅಂದಿದ್ದು ತಪ್ಪು ನಂದಾಗಿತ್ತು ಅಂತ. ನಿನ್ನ ಉಳಿಸೋಕೆ ಅಂತ ಅಲ್ಲ."

ಪುಟ್ಟಿ ಅವನತ್ತ ತಿರುಗಿದಳು. "ಮತ್ತೆ ಉಗ್ರಾಣ? ಅದು ಶಿಕ್ಷೆ ತಾನೆ?"

ಬಾಗಿಲಲ್ಲಿ ನಿಂತಿದ್ದ ಅತ್ತಿಗೆಗೆ ನಗು ತಡೆಯಲಾಗಲಿಲ್ಲ.

"ನೀವು ಹೇಳ್ತೀರೋ ನಾನು ಹೇಳ್ಲೋ?"

"ನೀನೇ ಹೇಳು."

ಅತ್ತಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. "ವರ್ಗ ಬೇಕು ಅಂತ ಇವರೇ ಅರ್ಜಿ ಕೊಟ್ಟಿದ್ದು ಕಣೇ ಪುಟ್ಟಿ. ಈ ಫ್ಲಾಪಿ ಗಲಾಟೆಗಿಂತ ಎರಡು ತಿಂಗಳು ಮುಂಚೆ. ನಾನು ಅಲ್ಲಿ ದಾಸ್ತಾನಿನ ಕಾರ್ಡು ಬರೀತಿದ್ದೆ. ದಿನಾ ಒಂದು ಫ್ಯೂಸು ಬೇಕು ಅಂತ ಬರೋರು. ಇವರು ಕೂರ್ತಿದ್ದ ಪ್ರಯೋಗಾಲಯಕ್ಕೆ ಎಷ್ಟು ಫ್ಯೂಸು ಬೇಕು ಹೇಳು. ಅರ್ಜಿ ಬರೆದಿದ್ದೂ ನನ್ನ ಮೇಜಿನ ಮೇಲೇ. ಕಾರಣ ಅನ್ನೋ ಕಡೆ ಬೆನ್ನುನೋವು ಅಂತ ಹಾಕಿದ್ರು."

"ಬೆನ್ನುನೋವೂ ಇತ್ತು" ಎಂದ ಅಣ್ಣ.

"ಬೆನ್ನುನೋವು ಇರೋರು ಉಗ್ರಾಣ ಕೇಳ್ತಾರಾ? ಅಲ್ಲಿ ಎತ್ತೋದು ಇಳಿಸೋದೇ ಕೆಲಸ."

ಪುಟ್ಟಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಣ್ಣ ಅತ್ತಿಗೆಯನ್ನು ಉಗ್ರಾಣದಲ್ಲೇ ಕಂಡು ಮದುವೆಯಾದದ್ದು ಮನೆಮಂದಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಶಿಕ್ಷೆಗೆ ಹೋದಲ್ಲಿ ಅವನಿಗೆ ದೇವರು ಒಳ್ಳೆಯದು ಮಾಡಿದ ಎಂದೇ ಅವಳು ಅಂದುಕೊಂಡಿದ್ದಳು. ಒಳ್ಳೆಯದನ್ನು ಹುಡುಕಿಕೊಂಡೇ ಅವನು ಹೋಗಿದ್ದ ಎಂದು ಅವಳಿಗೆ ಹೊಳೆದಿರಲೇ ಇಲ್ಲ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ?" ಎಂದ ಅಣ್ಣ. ಆಮೇಲೆ ದನಿ ತಗ್ಗಿಸಿ, "ಹುಡುಗಿಗೋಸ್ಕರ ಟ್ರೇಸ್ ಬಿಟ್ಟೆ ಅಂತ ತಂಗಿ ಹತ್ರ ಹೇಳೋಕೆ ನಾಚಿಕೆ ಆಗಲ್ವಾ?" ಎಂದ.

"ಅದಕ್ಕೇನಾ ಪುಟ್ಟಿ, ನೀನು ಇವರ ಪ್ರತಿ ಹುಟ್ಟುಹಬ್ಬಕ್ಕೂ ಅಂಥ ಒಳ್ಳೊಳ್ಳೆ ಶರ್ಟು ತರ್ತಿದ್ದಿದ್ದು?" ಎಂದು ಅತ್ತಿಗೆ ಕೇಳಿದರು. "ನನಗೊಂದು ಕರವಸ್ತ್ರನಾದ್ರೂ ತರ್ತಾಳೇನೋ ಅಂತ ನಾನೂ ಕಾದಿದ್ದೇ ಕಾದಿದ್ದು."

ಪುಟ್ಟಿ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಹಗುರಾಯಿತು, ನಿಜ. ಆದರೆ ಹಗುರಾದ ಜಾಗದಲ್ಲಿ ಏನೋ ಖಾಲಿಯೂ ಆದಂತಿತ್ತು. ತನಗಾಗಿ ಎಲ್ಲವನ್ನೂ ಬಿಟ್ಟುಕೊಟ್ಟ ಒಬ್ಬ ಅಣ್ಣನನ್ನು ಇಪ್ಪತ್ತಾರು ವರ್ಷ ಮನಸ್ಸಿನಲ್ಲಿ ಸಾಕಿಕೊಂಡಿದ್ದಳು. ಅವನ ಬದಲಿಗೆ ಈಗ ಎದುರಿಗೆ ಕೂತಿದ್ದವನು ದಿನಕ್ಕೊಂದು ಫ್ಯೂಸು ಕೇಳಿಕೊಂಡು ಹೋಗುತ್ತಿದ್ದ ಇಪ್ಪತ್ತೊಂಬತ್ತರ ಕತ್ತರಿ. ಅವನನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ.

ಅಷ್ಟರಲ್ಲಿ ಪರದೆಯ ಮೇಲೆ ನೂರ ನಲವತ್ತನಾಲ್ಕನೆಯ ಹೆಸರು ಮೂಡಿ ಕಮಾಂಡ್ ನಿಂತಿತು.

"ಆಯ್ತಾ? ಮಧ್ಯಾಹ್ನದಿಂದ ಶುರು ಮಾಡು" ಎಂದ ಅಣ್ಣ, ಮಾತು ಬದಲಾದದ್ದಕ್ಕೆ ಬದುಕಿದೆ ಎನ್ನುವ ಹಾಗೆ.

ಪುಟ್ಟಿ ಹನ್ನೆರಡು ಗಂಟೆಯ ಚೂರಿನಿಂದ ಒಂದೊಂದಾಗಿ ತೆರೆದಳು. ಇನ್ನೊಂದು ಕಮಾಂಡ್ ಕೊಟ್ಟು, ಪ್ರತಿ ಕರೆ ಬಂದ ಹೊತ್ತು ಮತ್ತು ಅದನ್ನು ಎತ್ತುವವರೆಗೆ ಕಾದ ಸೆಕೆಂಡು ಇಷ್ಟನ್ನೇ ಹೆಕ್ಕಿ ತೆಗೆದಳು. ಅಣ್ಣ ನೋಡುವಂತಿರಲಿಲ್ಲ, ಆದ್ದರಿಂದ, ಮುಂದಿನ ಚೂರಿನಲ್ಲಿ ಮತ್ತೆ ಬರುವ ಕೊನೆಯ ಸಾಲುಗಳನ್ನು ಬಿಟ್ಟು, ಗಟ್ಟಿಯಾಗಿ ಓದಿದಳು. ಒಂದು, ಎರಡು, ಒಂದು, ಒಂದು, ಮೂರು, ಒಂದು. ಹಿಂದೆ ಅವನು ಮೊಗಸಾಲೆಯಲ್ಲಿ ನಡೆಯುತ್ತಿದ್ದಾಗ ಅವಳು ಕಾಗದದ ಆ ತುದಿಯಲ್ಲಿ ಕೂತು ಹೀಗೇ ಓದಿ ಹೇಳುತ್ತಿದ್ದಳು. ಅತ್ತಿಗೆ ಕಣ್ಣಿಗೆ ಔಷಧಿ ಹಾಕುವ ಹೊತ್ತಾಯಿತೆಂದು ಎದ್ದರೆ ಅಣ್ಣ ತಲೆ ಹಿಂದಕ್ಕೆ ಬಾಗಿಸಿ, ಹನಿ ಬೀಳುತ್ತಿರುವಾಗಲೂ "ಹ್ಞೂಂ, ಮುಂದೆ" ಎಂದ.

ಹತ್ತೊಂಬತ್ತು ಚೂರು ಮುಗಿದವು. ಇಪ್ಪತ್ತನೆಯದು ಮೂರು ಗಂಟೆ ಹತ್ತು ನಿಮಿಷದ್ದು. ಅದರ ಆರಂಭದಲ್ಲೇ ಅವಳು, "ಎಂಟು, ಏಳು, ಐದು, ನಾಲ್ಕು, ಎರಡು" ಎಂದು ಓದಿ, "ಆಗ ಕರೆ ಎತ್ತೋಕೆ ಕೂತವರಿಗೆ ಕೈ ಬಿಡುವಿರಲಿಲ್ಲ ಅಂತ ಕಾಣತ್ತೆ" ಎಂದು ಮುಂದಿನ ಸಾಲಿಗೆ ಹೋಗುತ್ತಿದ್ದಳು.

"ನಿಲ್ಲು" ಎಂದ ಅಣ್ಣ. "ಮತ್ತೆ ಓದು."

"ಎಂಟು, ಏಳು, ಐದು, ನಾಲ್ಕು, ಎರಡು."

"ಇಳೀತಾ ಇದೆ ನೋಡು. ಕೈ ಬಿಡುವಿಲ್ದೆ ಇದ್ರೆ ಹೀಗೆ ಬರಲ್ಲ. ಮೆಟ್ಟಿಲು ಇಳಿದ ಹಾಗೆ ಬರ್ತಿದೆ. ಐದು ಜನ ಬೇರೆ ಬೇರೆ ಹೊತ್ತಿಗೆ ಬಂದು ಒಂದೇ ಬಾಗಿಲ ಮುಂದೆ ನಿಂತಿದ್ದಾರೆ. ಬಾಗಿಲು ಒಂದೇ ಸಲ ತೆರೀತು. ಮೊದಲು ಬಂದವನು ಎಂಟು ಸೆಕೆಂಡು ಕಾದ, ಕೊನೆಗೆ ಬಂದವನು ಎರಡು. ಆ ಬಾಗಿಲು ತೆರೆದದ್ದು ಎಷ್ಟು ಹೊತ್ತಿಗೆ?"

ಪುಟ್ಟಿ ಕೂಡಿ ನೋಡಿದಳು. ಐದೂ ಕರೆಗಳನ್ನು ಎತ್ತಿದ್ದು ಒಂದೇ ಕ್ಷಣ, ಮೂರು ಗಂಟೆ ಹತ್ತು ನಿಮಿಷ ಏಳು ಸೆಕೆಂಡಿಗೆ. ಆ ಸೆಕೆಂಡಿನ ಸಾಲುಗಳನ್ನೆಲ್ಲ ತೆಗೆದಳು. ನಡುವೆ ಒಂದು ಸಾಲು ಕೂತಿತ್ತು: ವರದಿ ಬರೆಯುವ ಪ್ರೋಗ್ರಾಮು ಕರೆಗಳ ಪಟ್ಟಿಯ ಬೀಗ ಬಿಟ್ಟಿತು. ಮೇಲಕ್ಕೆ ಹೋದಳು. ಅದೇ ಪ್ರೋಗ್ರಾಮು ಬೀಗ ಹಿಡಿದದ್ದು ಮೂರು ಗಂಟೆ ಒಂಬತ್ತು ನಿಮಿಷ ಐವತ್ತೆಂಟು ಸೆಕೆಂಡಿಗೆ. ಒಂದೇ ಪುಸ್ತಕದಲ್ಲಿ ಹತ್ತು ಜನ ಬರೆಯಬೇಕಾದಾಗ ಪೆನ್ನು ಒಬ್ಬನ ಕೈಯಲ್ಲೇ ಉಳಿದ ಹಾಗೆ, ಒಂಬತ್ತು ಸೆಕೆಂಡು ಉಳಿದವರೆಲ್ಲ ಸುಮ್ಮನೆ ನಿಂತಿದ್ದರು. ಯಾರೂ ತಪ್ಪು ಮಾಡಿರಲಿಲ್ಲ, ಆದ್ದರಿಂದ ಯಾರೂ ತಪ್ಪು ಎಂದು ಬರೆದಿರಲಿಲ್ಲ.

"ಹಿಡಿದದ್ದು ಮೂರೂ ಹತ್ತಕ್ಕಿಂತ ಎರಡು ಸೆಕೆಂಡು ಮುಂಚೆ" ಎಂದ ಅಣ್ಣ. "ನಾನು ಹೇಳಿದ ಹಾಗೆ ಎರಡೇ ಸೆಕೆಂಡು ಅಂಚು ಬಿಟ್ಟಿದ್ರೆ ಅಂಚಿನ ಮೇಲೇ ನಿಲ್ತಿತ್ತು. ಹೋಗ್ಲಿ, ಹತ್ತೇ ಇಟ್ಕೊ."

ಪುಟ್ಟಿ ಪಾಳಿ ಮುಖ್ಯಸ್ಥನಿಗೆ ಫೋನು ಮಾಡಿದಳು.

"ಮೂರೂ ಹತ್ತರ ಹೊತ್ತಿಗೆ ಓಡೋ ಒಂದು ವರದಿ ಪ್ರೋಗ್ರಾಮು ಇದೆ. ಯಾವಾಗ ಹಾಕಿದ್ರಿ?"

ಅವನು ಯೋಚಿಸಿದ. "ಎರಡು ವಾರ ಆಯ್ತು ಮೇಡಂ. ಮೇಲಿನವರು ಕೇಳಿದ್ರು. ನಾವು ಕರೆಗಳನ್ನ ಎಷ್ಟು ಬೇಗ ಎತ್ತುತ್ತೀವಿ ಅಂತ ದಿನಾ ಒಂದು ವರದಿ."

"ಅದನ್ನ ಬರೆಯೋಕೆ ಅಂತ ದಿನಾ ಒಂಬತ್ತು ಸೆಕೆಂಡು ಕರೆ ಎತ್ತೋದನ್ನೇ ನಿಲ್ಲಿಸ್ತಿದ್ದೀರಿ. ಇವತ್ತು ಓಡಿಸ್ಬೇಡಿ. ಬೀಗ ಹಿಡೀದೆ ಬರೆಯೋ ಹಾಗೆ ನಾಳೆ ಮಾಡೋಣ."

"ಹೇಗೆ ಹುಡುಕಿದ್ರಿ ಮೇಡಂ?"

"ನಾನಲ್ಲ. ನಮ್ಮಣ್ಣ. ಕಣ್ಣು ಮುಚ್ಕೊಂಡು" ಎಂದಳು ಪುಟ್ಟಿ. ಅವನು ಅದನ್ನು ತಮಾಷೆ ಎಂದುಕೊಂಡು ನಕ್ಕ.

ಮೂರು ಹತ್ತಕ್ಕೆ ಮೂವರೂ ಮೇಜಿನ ಸುತ್ತ ಕೂತಿದ್ದರು. ಫೋನು ಬರಲಿಲ್ಲ. ಮೂರೂಕಾಲಿಗೆ ಸಂದೇಶ ಬಂತು. ಕರೆಗಳನ್ನೆಲ್ಲ ಒಂದು, ಎರಡು ಸೆಕೆಂಡಿನಲ್ಲೇ ಎತ್ತಿದ್ದರು. ಅತ್ತಿಗೆ ಚಹಾ ತಂದರು. ಅಣ್ಣ ಒಂದು ಗುಟುಕು ಕುಡಿದು, ಸಕ್ಕರೆಯ ಬಗ್ಗೆ ಏನೂ ಹೇಳಲಿಲ್ಲ.

"ಆ ಚೂರುಗಳನ್ನೇನು ಮಾಡ್ತೀಯ?" ಎಂದು ಕೇಳಿದ.

"ಬೇಕಾದ್ದು ಒಂದು ಇಟ್ಕೊಂಡು ಉಳಿದದ್ದು ಅಳಿಸೋದು. ಜಾಗ ಹಿಡಿಯತ್ತೆ."

"ಅಳಿಸೋ ಮುಂಚೆ ಒಂದು ಓದು."

"ಯಾವುದು?"

"ಯಾವುದಾದ್ರೂ. ಏನೂ ಆಗದೇ ಇರೋದು."

ಪುಟ್ಟಿ ಬೆಳಿಗ್ಗೆ ಏಳರ ಚೂರನ್ನು ತೆರೆದಳು. ಕರೆ ಬಂತು, ಎತ್ತಿದರು, ವಾಹನ ಹೊರಟಿತು. ಕರೆ ಬಂತು, ಎತ್ತಿದರು, ತಪ್ಪು ಸಂಖ್ಯೆ, ಇಟ್ಟರು. ಯಂತ್ರ ತನ್ನ ಗಡಿಯಾರ ಸರಿಮಾಡಿಕೊಂಡಿತು. ಕರೆ ಬಂತು, ಎತ್ತಿದರು. ಅಣ್ಣ ಕುರ್ಚಿಗೆ ತಲೆಯಾನಿಸಿ ಕೇಳುತ್ತಿದ್ದ. ಅತ್ತಿಗೆ ಬಟಾಣಿ ಬಿಡಿಸುತ್ತಾ ಕೂತರು, ಮಧ್ಯೆ ಒಮ್ಮೆ, "ವಾಹನ ಸೇರಿತಾ?" ಎಂದು ಕೇಳಿದರು.

"ಇರಿ ಅತ್ತಿಗೆ, ಬರತ್ತೆ" ಎಂದು ಪುಟ್ಟಿ ಕೆಳಗಿನ ಸಾಲುಗಳಿಗೆ ಹೋದಳು. ಏಳು ಗಂಟೆ ಎಂಟು ನಿಮಿಷಕ್ಕೆ ಅದು ಸೇರಿತ್ತು.